ಹೆಡೆಯ ಮುಂದಿನ ಮುಂಗುಸಿ

ಗಂಡನ ಹೆಸರನ್ನು ಬಾಯಲ್ಲಿ ಹೇಳಬಾರದು ಎಂದು ನನ್ನ ಅತ್ತೆ ಕಲಿಸಿದ್ದರು. ಬರೆಯಬಾರದು ಎಂದೇನೂ ಕಲಿಸಿರಲಿಲ್ಲ, ಆದ್ದರಿಂದ ಬರೆದೇಬಿಡುತ್ತೇನೆ. ಎರ್ರೆಪ್ಪ. ಕುರುಗೋಡಿನ ಬಸ್ ಸ್ಟ್ಯಾಂಡಿನಿಂದ ಊರೊಳಗೆ ಬರುವಾಗ ಎಡಗಡೆ ಸಿಗುವ ತಗಡಿನ ಅಂಗಡಿ ಅವರದು. ಅಂಗಡಿಗಳ ಬೋರ್ಡು, ಬೈಕಿನ ನಂಬರ್ ಪ್ಲೇಟು, ಶಾಲೆಯ ಗೋಡೆಯ ಮೇಲೆ ಭಾರತದ ನಕ್ಷೆ, ಟ್ರ್ಯಾಕ್ಟರ್ ಟ್ರೇಲರಿನ ಹಿಂದೆ ಹಾರುವ ಗಿಳಿ, ಇವೆಲ್ಲ ಅವರ ಕೈಕೆಲಸ. ಆದರೆ ಹೀಗೆ ಹೇಳಿದರೆ ಈಗ ಯಾರಿಗೂ ಗುರುತು ಹತ್ತುವುದಿಲ್ಲ. ಸಿರುಗುಪ್ಪ ಕಡೆಯ ಜನ ಬಸ್ಸಿಳಿದವರೇ "ಹಾವು ಬರಿಯೋ ಎರ್ರೆಪ್ಪನ ಮನಿ ಯಾವುದ್ರಿ" ಎಂದು ಕೇಳಿಕೊಂಡು ಬರುತ್ತಾರೆ. ಆ ಮಾತು ಕಿವಿಗೆ ಬಿದ್ದರೆ ನನಗೆ ಮೈಯೆಲ್ಲ ಉರಿಯುತ್ತದೆ. ಅವರಿಗೆ ಉರಿಯುವುದಿಲ್ಲ, ಸುಮ್ಮನೆ ತಲೆ ತಗ್ಗಿಸುತ್ತಾರೆ. ಯಾಕೆಂದು ಹೇಳಬೇಕಾದರೆ ನಾನೇ ಹೇಳಬೇಕು, ಅವರ ಬಾಯಿಂದ ನಾಲ್ಕು ಮಾತು ಹೊರಡಿಸುವಷ್ಟರಲ್ಲಿ ನನಗೆ ಮುಪ್ಪು ಬರುತ್ತದೆ.

ಆ ಮನುಷ್ಯನ ಕೈ ಬಹಳ ನಿಧಾನ. ನಂಬರ್ ಪ್ಲೇಟ್ ಬರೆಸಲು ಬೈಕು ಬಿಟ್ಟು ಹೋದವನು ಅದನ್ನು ಒಯ್ಯಲು ಬರುವಾಗ ಮದುವೆಯಾಗಿ ಹೆಂಡತಿಯನ್ನು ಕರೆದುಕೊಂಡು ಬಂದ ಎಂದು ನಾನು ಎಲ್ಲರೆದುರೂ ಆಡಿಕೊಳ್ಳುತ್ತಿದ್ದೆ. ಅವರು ನಗುತ್ತಲೇ ಒಂದು ಅಕ್ಷರದ ಹೊಟ್ಟೆಯನ್ನು ಮೂರನೆಯ ಸಲ ತಿದ್ದುತ್ತಿದ್ದರು. ಆಮೇಲೆ ಫ್ಲೆಕ್ಸ್ ಬಂತು. ಬಳ್ಳಾರಿಯಲ್ಲಿ ಬೆಳಿಗ್ಗೆ ಹೇಳಿದರೆ ಮಧ್ಯಾಹ್ನಕ್ಕೆ ಮನೆಯಷ್ಟು ದೊಡ್ಡ ಬೋರ್ಡು ಕೈಗೆ ಕೊಡುತ್ತಾರೆ. ಇವರ ಕುಂಚಗಳು ಡಬ್ಬಿಯಲ್ಲೇ ಒಣಗಿದವು. ನಾನು ಬಳ್ಳಾರಿಯ ಜೀನ್ಸ್ ಶೆಡ್ಡಿಗೆ ಹೊಲಿಗೆ ಕೆಲಸಕ್ಕೆ ಹೋಗತೊಡಗಿದೆ. ಬೆಳಿಗ್ಗೆ ಬಸ್ಸಿಗೆ ಹೋಗಿ ಸಂಜೆಗೆ ವಾಪಸು ಬರುತ್ತೇನೆ.

ಇನ್ನು ಹಾವಿನ ವಿಷಯ. ನಮ್ಮ ಮಾವನವರು ಗುಡಿಗಳ ಗೋಡೆಗೆ ಸುಣ್ಣ, ಜಾಜು ಬಳಿಯುತ್ತಿದ್ದವರು. ಯಾರಿಗಾದರೂ ಸರ್ಪಸುತ್ತು ಆದರೆ, ಅಂದರೆ ಸೊಂಟದ ಒಂದು ಪಕ್ಕಕ್ಕೋ ಎದೆಯ ಒಂದು ಪಕ್ಕಕ್ಕೋ ಬೆಂಕಿ ತಾಗಿದಂತೆ ಉರಿದು ನೀರುಗುಳ್ಳೆಗಳು ಪಟ್ಟಿಯಾಗಿ ಎದ್ದರೆ, ಅವರನ್ನು ಕರೆಸುತ್ತಿದ್ದರು. ಅವರು ಜಾಜಿನ ಕೆಂಪು ಮಣ್ಣನ್ನು ಕಲ್ಲಿನ ಮೇಲೆ ತೇಯ್ದು, ಗುಳ್ಳೆಗಳ ಗುಂಟ ಒಂದು ಹಾವು ಬರೆಯುತ್ತಿದ್ದರು. ಸೊಂಟ ಸುತ್ತಿ ಹೆಡೆ ಬಾಲಕ್ಕೆ ಮುಟ್ಟಿದರೆ ಮನುಷ್ಯ ಉಳಿಯುವುದಿಲ್ಲ ಎಂಬ ನಂಬಿಕೆ. ಹಾಗಾಗಿ ಹೆಡೆ ಮುಂದಕ್ಕೆ ಹೋಗದಂತೆ ಅದರ ಎದುರಿಗೆ ಒಂದು ಮುಂಗುಸಿ. ಬೇರೆ ಊರಿನವರು ಬರೀ ಗೆರೆ ಎಳೆಯುತ್ತಾರಂತೆ, ಮುಂಗುಸಿ ಮಾತ್ರ ನಮ್ಮ ಮಾವನವರದೇ. ಬರೆದಾದ ಮೇಲೆ ಒಂದು ಕಟ್ಟುಪಾಡು. ಹಕ್ಕಳೆ ಒಣಗಿ ಉದುರುವ ತನಕ ಅದು ಹೊರಗಿನವರ ಕಣ್ಣಿಗೆ ಬೀಳಬಾರದು, ಮನೆಯವರ ಬಾಯಲ್ಲೂ ಬರಬಾರದು. ಬಾಯಿಬಿಟ್ಟರೆ ಮುಂಗುಸಿ ಓಡಿಹೋಗುತ್ತದೆ.

ಮಾವನವರು ತೀರಿಕೊಂಡ ಮೇಲೆ ಜನ ಮಗನನ್ನು ಹುಡುಕಿಕೊಂಡು ಬಂದರು. ಇವರಿಗೆ ಅದರಲ್ಲಿ ಕವಡೆಯಷ್ಟೂ ನಂಬಿಕೆ ಇರಲಿಲ್ಲ. "ಬಂದಿದ್ದು ತಾನಾಗೇ ಹೋಗತೈತಿ ಸತ್ಯಮ್ಮ, ನಮ್ಮದೇನೈತಿ ಅದರಾಗ" ಎಂದು ನನ್ನ ಹತ್ತಿರವೇ ಹೇಳಿದ್ದರು. ಹಾಗಾದರೆ ಯಾಕೆ ಹೋಗುತ್ತೀರಿ ಎಂದರೆ ಕುಂಚ ತೊಳೆಯಲು ಎದ್ದು ಹೋಗುತ್ತಿದ್ದರು. ಉತ್ತರ ನನಗೆ ಗೊತ್ತಿತ್ತು. ಊರಲ್ಲಿ ಅವರ ಕುಂಚವನ್ನೇ ಬೇಕೆಂದು ಕೇಳುವವರು ಬೇರೆ ಯಾರೂ ಉಳಿದಿರಲಿಲ್ಲ. ಬರೆದದ್ದಕ್ಕೆ ಕೂಲಿಯೆಂದು ಎಲೆ ಅಡಿಕೆ ಬಿಟ್ಟು ಏನೂ ಮುಟ್ಟುತ್ತಿರಲಿಲ್ಲ, ಆದರೆ ಆ ಮುಂಗುಸಿಯನ್ನು ನೋಡಬೇಕಿತ್ತು. ಬೆನ್ನಿನ ಒಂದೊಂದು ಕೂದಲೂ ನಿಮಿರಿ ನಿಂತಿರುತ್ತಿತ್ತು. ಬರೆದು ಮುಗಿಸಿ ಮೊಬೈಲಿನಲ್ಲಿ ಫೋಟೊ ಹೊಡೆದುಕೊಂಡು ಬರುತ್ತಿದ್ದರು, ಊಟಕ್ಕೆ ಕೂತಾಗ ನನಗೆ ತೋರಿಸುತ್ತಿದ್ದರು. ಯಾರದೋ ಹೊಟ್ಟೆಯ ಫೋಟೊ ನೋಡುತ್ತಾ ನಾನು ರೊಟ್ಟಿ ಮುರಿಯಬೇಕು. ಥೂ, ಎತ್ತಿಡಿ ಅತ್ತ ಎನ್ನುತ್ತಿದ್ದೆ.

ಇವರಿಗೆ ಒಬ್ಬಳೇ ತಂಗಿ, ಪಂಪಾವತಿ. ಆಕೆಯನ್ನು ಸಿರುಗುಪ್ಪದ ವಾಲ್ಮೀಕಿಗೆ ಕೊಟ್ಟಿದೆ. ವಾಲ್ಮೀಕಿಯ ಮುಖ ನೋಡದವರಿಗೂ ಆ ಊರಲ್ಲಿ ಆತನ ದನಿ ಗೊತ್ತು. ಆಟೊಗೆ ಮೈಕು ಕಟ್ಟಿಕೊಂಡು ಊರು ಸುತ್ತುವುದು ಆತನ ಕೆಲಸ. ನಾಳೆ ಕರೆಂಟ್ ಇರುವುದಿಲ್ಲ, ಕಾಲುವೆಗೆ ನೀರು ಬಿಡುತ್ತಾರೆ, ಸೀರೆ ಅಂಗಡಿಯಲ್ಲಿ ಆಷಾಢದ ರಿಯಾಯಿತಿ, ಇಂಥ ಓಣಿಯ ಇಂಥವರು ತೀರಿಕೊಂಡಿದ್ದಾರೆ, ಎಲ್ಲವೂ ಆತನ ಬಾಯಿಂದಲೇ ಊರಿಗೆ ತಿಳಿಯಬೇಕು. ನಡುನಡುವೆ ದಾರಿಹೋಕರನ್ನೂ ಬಿಡುತ್ತಿರಲಿಲ್ಲ. "ಪಕ್ಕೀರಪ್ಪ, ಚಪ್ಪಲಿ ಬೇರೆಯವರದು ಮೆಟ್ಟಿಗೊಂಡು ಹೊಂಟೀಯಲ್ಲೋ" ಎಂದು ಮೈಕಿನಲ್ಲೇ ಕೂಗಿ ಬಜಾರನ್ನೆಲ್ಲ ನಗಿಸುತ್ತಿದ್ದ. ಆಟೊದ ಹಿಂದಿನ ಅಕ್ಷರ ನಮ್ಮವರದೇ.

ಬಿಪಿಯಿಂದ ಆತನ ಎರಡೂ ಕಿಡ್ನಿ ಹೋದವು. ಪಂಪಾವತಿ ತನ್ನದೊಂದನ್ನು ಕೊಟ್ಟಳು, ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಬೇರೆಯವರ ಕಿಡ್ನಿಯನ್ನು ಮೈ ತಳ್ಳಿಹಾಕಲು ನೋಡುತ್ತದಂತೆ, ಹಾಗಾಗಿ ಮೈಯ ಕಾವಲುಗಾರನನ್ನೇ ಅರೆನಿದ್ದೆಯಲ್ಲಿ ಇಡಬೇಕು, ಅದಕ್ಕೆ ಜೀವನಪೂರ್ತಿ ಗುಳಿಗೆ. ಕಾವಲಿಲ್ಲದ ಮನೆಗೆ ಯಾವ ಕಳ್ಳನೂ ನುಗ್ಗಬಹುದು, ಸಣ್ಣ ಜ್ವರ ಬಂದರೂ, ಮೈಮೇಲೆ ಒಂದು ಗುಳ್ಳೆ ಎದ್ದರೂ ತಡಮಾಡದೆ ಬನ್ನಿ ಎಂದು ಅಲ್ಲಿಯವರು ಗಂಡಹೆಂಡಿರಿಬ್ಬರನ್ನೂ ಕೂರಿಸಿ ಹೇಳಿ ಕಳಿಸಿದ್ದರು. ಆಮೇಲಿಂದ ಜಗಳ ಬಂದಾಗಲೆಲ್ಲ ಪಂಪಾವತಿ "ನನ್ನ ಕಿಡ್ನಿ ಇಟಗೊಂಡು ನನಗೇ ಎದುರು ಮಾತಾಡ್ತೀಯೇನು" ಎನ್ನುತ್ತಿದ್ದಳು. ಆತ ಹೊಟ್ಟೆ ಮುಟ್ಟಿಕೊಂಡು "ನಾ ಅಲ್ಲಬೇ, ನಿನ್ನ ಕಿಡ್ನಿನೇ ಮಾತಾಡಾಕತ್ತೈತಿ" ಎನ್ನುತ್ತಿದ್ದ.

ಕಳೆದ ಬೇಸಿಗೆಯಲ್ಲಿ ಪಂಪಾವತಿ ಅಣ್ಣನಿಗೆ ಫೋನು ಮಾಡಿದಳು. ಗಂಡನ ಸೊಂಟದ ಬಲಗಡೆ ಸರ್ಪಸುತ್ತು ಎದ್ದಿದೆ, ಉರಿ ತಾಳಲಾರದೆ ಅಂಗಿ ಸಹ ಹಾಕುತ್ತಿಲ್ಲ, ಬಂದು ಬರೆದುಕೊಡು. ನಾನು ಶೆಡ್ಡಿನಲ್ಲಿದ್ದೆ. ಇವರು ಜಾಜಿನ ಉಂಡೆ, ಕುಂಚ ಚೀಲದಲ್ಲಿ ಹಾಕಿಕೊಂಡು ಸಿರುಗುಪ್ಪಕ್ಕೆ ಹೋದರು. ಅಲ್ಲಿ ನಡೆದದ್ದನ್ನು ನನಗೆ ಎಷ್ಟೋ ದಿನಗಳ ಮೇಲೆ ತುಂಡು ತುಂಡಾಗಿ ಹೇಳಿದರು. ಹೇಳುವಾಗ ನನ್ನ ಮುಖ ನೋಡಲಿಲ್ಲ.

ಜಾಜು ತೇಯುತ್ತಿರುವಾಗಲೇ ಇವರ ಮನಸ್ಸಿನಲ್ಲಿ ಬಂದಿತ್ತಂತೆ. ಕೇಳಿಯೂ ಕೇಳಿದರಂತೆ. "ಪಂಪಾ, ಬೆಂಗಳೂರಿನೋರು ಏನಾರ ಆದ್ರ ತೋರಸ್ರಿ ಅಂದಿದ್ರಲ್ಲ. ಒಂದ್ಸಲ ತೋರಿಸಿದ್ರ ಹೆಂಗ?"

ಆಕೆ ಅಣ್ಣನ ಮುಖವನ್ನೇ ನೋಡಿ ಕೇಳಿದಳು. "ಅಪ್ಪ ಇದ್ದಿದ್ರ ಏನಂತಿದ್ದ?"

ಆಗ ಇವರು, ಒಂದು ಕವಡೆಯಷ್ಟೂ ನಂಬದ ಈ ಮನುಷ್ಯ, ಅಪ್ಪನ ದನಿಯಲ್ಲೇ ಹೇಳಿಬಿಟ್ಟರು. "ಹಕ್ಕಳೆ ಉದುರೋ ತನಕ ಯಾರ ಕಣ್ಣಿಗೂ ಬೀಳಬಾರದು. ಬಾಯಾಗೂ ಬರಬಾರದು." ಹೇಳದಿದ್ದರೆ ತಂಗಿಗೆ ತನ್ನ ಮೇಲಿದ್ದ ಭರವಸೆ ಕಡಿಮೆಯಾಗುತ್ತಿತ್ತು, ಅಷ್ಟೇ. ಅಷ್ಟಕ್ಕಾಗಿ ಹೇಳಿದರು. ವಾಲ್ಮೀಕಿ ನೋವಿನಲ್ಲೂ ಸುಮ್ಮನಿರಲಿಲ್ಲವಂತೆ. "ಬಾವ, ಮುಂಗುಸಿಗೆ ಹಲ್ಲು ಸರಿಯಾಗಿ ಬರಿ, ಕಿಡ್ನಿ ನನ್ನದಲ್ಲ, ನಿನ್ನ ತಂಗಿದು" ಎಂದಿದ್ದನಂತೆ. ಇವರು ಹಲ್ಲು ಬರೆದರು, ಫೋಟೊ ಹೊಡೆದರು. ಮನೆಗೆ ಬಂದು ಈ ಸಲ ನನಗೆ ತೋರಿಸಲಿಲ್ಲ, ಯಾರಿಗೆ ಬರೆದರೆಂದೂ ಹೇಳಲಿಲ್ಲ. ಅದು ಆಗಲೇ ನನಗೆ ವಿಚಿತ್ರ ಎನಿಸಬೇಕಿತ್ತು, ಆದರೆ ಶೆಡ್ಡಿನಿಂದ ಬಂದವಳಿಗೆ ಕಾಲು ಚಾಚಿದರೆ ಸಾಕಾಗಿರುತ್ತದೆ.

ಗುಳ್ಳೆ ಒಣಗಿ ಹಕ್ಕಳೆ ಬಹುಪಾಲು ಉದುರಿದವು. ಪಂಪಾವತಿ ಜಾಜು ತೊಳೆದಳು. ವಾಲ್ಮೀಕಿ ಮತ್ತೆ ಆಟೊ ತೆಗೆದ. ಒಂದು ದಿನ ಬೆಳಿಗ್ಗೆ ಬಜಾರಿನಲ್ಲಿ ಆತನ ಮೈಕಿನಲ್ಲಿ "ನಾಳೆ ಬೆಳಿಗ್ಗೆಯಿಂದ ಸಂಜೆಯವರೆಗೆ ಊರಿನಾದ್ಯಂತ ಸೀರೆ ಇರುವುದಿಲ್ಲ, ಸಾರ್ವಜನಿಕರು ಸಹಕರಿಸಬೇಕು" ಎಂದು ಕೇಳಿಬಂತು. ಬಜಾರು ಹೊಟ್ಟೆ ಹಿಡಿದುಕೊಂಡು ನಕ್ಕಿತು. ವಾಲ್ಮೀಕಿ ಎಂದರೆ ಹೀಗೇ ಎಂದುಕೊಂಡರು. ಮುಂದಿನ ಓಣಿಯಲ್ಲಿ ಇನ್ನೂ ಏನೇನೋ ಹೇಳಿದನಂತೆ, ಯಾರಿಗೂ ತಿಳಿಯಲಿಲ್ಲ, ಆಗಲೂ ನಕ್ಕರು. ಆಮೇಲೆ ಆಟೊ ಹೋಗಿ ಒಂದು ಚಹಾದ ಅಂಗಡಿಯ ಕಟ್ಟೆಗೆ ತಾಗಿ ನಿಂತಿತು. ಬಗ್ಗಿ ನೋಡಿದರೆ ಆತನ ಕೈಕಾಲು ಸೆಟೆದು ಅದುರುತ್ತಿದ್ದವು, ಬಾಯಿಯ ಹತ್ತಿರವೇ ಇದ್ದ ಮೈಕಿನಿಂದ ಗೊರಗೊರ ಸದ್ದು ಊರಿಗೆಲ್ಲ ಕೇಳುತ್ತಿತ್ತು.

ಅಲ್ಲಿಂದ ನೇರ ಬಳ್ಳಾರಿಯ ದೊಡ್ಡ ಆಸ್ಪತ್ರೆಯೊಂದಕ್ಕೆ ತಂದರು. ನಾನು ಬಳ್ಳಾರಿಯಲ್ಲೇ ಇದ್ದೆನಲ್ಲ, ಶೆಡ್ಡಿನಿಂದ ಹಾಗೇ ಓಡಿದೆ. ಮೈ ಕೆಂಡದಂತೆ ಸುಡುತ್ತಿತ್ತು. ಹೆಸರು ಹಿಡಿದು ಕರೆದರೆ ಕಣ್ಣು ಬಿಡುತ್ತಿದ್ದ, ಆದರೆ ಕರೆದವರು ಯಾರೆಂದು ಗೊತ್ತಾಗುತ್ತಿರಲಿಲ್ಲ. ನೋಡಿಕೊಂಡವರು ಡಾಕ್ಟರ್ ಶೈಲಜಾ. ಇನ್ನೂ ಚಿಕ್ಕ ವಯಸ್ಸು, ಮಾತು ಮೆದು, ನಡಿಗೆ ಮಾತ್ರ ಓಟ. ಮೆದುಳಿಗೆ ಸೋಂಕು ತಗುಲಿದಂತಿದೆ, ಆದರೆ ಕಿಡ್ನಿ ಹಾಕಿಸಿಕೊಂಡವರಲ್ಲಿ ಇಂಥದ್ದೇ ಎಂದು ಹೇಳುವುದು ಕಷ್ಟ ಎಂದರು. ಟಿಬಿ ಇರಬಹುದು, ಬೂಷ್ಟಿನ ರೋಗ ಇರಬಹುದು, ದಿನಾ ನುಂಗುವ ಗುಳಿಗೆಯೇ ರಕ್ತದಲ್ಲಿ ಹೆಚ್ಚಾಗಿ ಹೀಗೆ ಮಾಡಿರಬಹುದು, ವೈರಸ್ ಇರಬಹುದು. ತಲೆಯ ಸ್ಕ್ಯಾನ್ ಆಯಿತು. ಬೆನ್ನುಮೂಳೆಯ ಸಂದಿನಿಂದ ಸೂಜಿ ಹಾಕಿ ನೀರು ತೆಗೆದು ಪರೀಕ್ಷೆಗೆ ಬೆಂಗಳೂರಿಗೆ ಕಳಿಸಿದರು.

ಆ ಹೊತ್ತಿಗೆ ಡಾಕ್ಟರು ಆತನ ಮೈಯನ್ನೆಲ್ಲ ತಿರುಗಿಸಿ ನೋಡಿದ್ದರು. ಸೊಂಟದ ಬಲಗಡೆ ಚರ್ಮ ಕಂದಿ ಅಲ್ಲಲ್ಲಿ ಹಕ್ಕಳೆಗಟ್ಟಿದ ಗುರುತು ಕಂಡು ಪಂಪಾವತಿಯನ್ನು ಕೇಳಿದರು. "ಇದೇನಮ್ಮ? ಈಚೆಗೆ ಇಲ್ಲಿ ಗುಳ್ಳೆ ಎದ್ದಿದ್ವಾ?"

"ಇಲ್ರಿ ಮೇಡಂ. ಬೆಲ್ಟು ಒತ್ತಿ ಗಾಯ ಆಗಿತ್ತು" ಎಂದಳು ಪಂಪಾವತಿ.

ನಾನು ಅಲ್ಲೇ ಇದ್ದೆ. ನಂಬಿದೆ. ಡಾಕ್ಟರು ಇನ್ನೊಮ್ಮೆ ಕೇಳಿದರು, ಆಕೆ ಇನ್ನೊಮ್ಮೆ ಅದನ್ನೇ ಹೇಳಿದಳು. ರಿಪೋರ್ಟ್ ಬರುವವರೆಗೆ ಕಾಯುತ್ತ ಕೂರುವ ಹಾಗಿಲ್ಲವೆಂದು ಡಾಕ್ಟರು ಎರಡು ಮೂರು ಔಷಧಿ ಒಟ್ಟಿಗೇ ಶುರು ಮಾಡಿಸಿದರು. ಅದರಲ್ಲಿ ವೈರಸ್ಸಿಗೆ ಕೊಡುವ ಡ್ರಿಪ್ಪೂ ಒಂದು. ಅದು ಮೆದುಳನ್ನು ಉಳಿಸಬಹುದು, ಆದರೆ ಕಿಡ್ನಿಗೆ ಭಾರ, ದಿನಾ ರಕ್ತ ನೋಡಿಕೊಂಡೇ ಕೊಡುತ್ತೇನೆ ಎಂದರು. ಪಂಪಾವತಿ ಆ ಡ್ರಿಪ್ಪಿನ ಬಾಟಲಿಯನ್ನು ನೋಡುವಾಗ ಒಂದು ಕೈಯನ್ನು ತನ್ನ ಆಪರೇಷನ್ ಆದ ಪಕ್ಕೆಯ ಮೇಲೇ ಇಟ್ಟುಕೊಂಡಿರುತ್ತಿದ್ದಳು.

ಇವರು ಸಂಜೆ ಬಂದರು. ವಾರ್ಡಿನ ಬಾಗಿಲಿನ ತನಕ ಬಂದು ನಿಂತುಬಿಟ್ಟರು, ಒಳಗೆ ಕಾಲಿಡಲಿಲ್ಲ. ಪಾರ್ವತಿನಗರದಲ್ಲಿ ನನ್ನ ಚಿಕ್ಕಮ್ಮನ ಮನೆ ಇದೆ, ಆಸ್ಪತ್ರೆಗೆ ಊಟ ಅಲ್ಲಿಂದಲೇ ಒಯ್ಯುತ್ತಿದ್ದೆವು. ಆ ಮನೆಯಲ್ಲಿ ಇವರ ಮುಂದೆ ತಟ್ಟೆ ಇಟ್ಟರೆ ಅನ್ನ ಕಲಸುತ್ತಿದ್ದರು, ಬಾಯಿಗೆ ಇಡುತ್ತಿರಲಿಲ್ಲ. ತಂಗಿಯ ಗಂಡನ ಸಂಕಟಕ್ಕೆ ಹೀಗಾಗಿದ್ದಾರೆ ಎಂದುಕೊಂಡು ನಾನು ಸಮಾಧಾನ ಹೇಳಿದೆ. ಮಾರನೆಯ ದಿನವೂ ಹಾಗೆಯೇ ಮಾಡಿದಾಗ ತಲೆ ಕೆಟ್ಟಿತು. "ನಿಮ್ಮ ತಂಗಿ ಅಲ್ಲಿ ಒಬ್ಬಾಕಿನೇ ಒದ್ದಾಡಾಕತ್ಯಾಳ, ನೀವು ಕಂಬದಂಗ ನಿಂತ್ರ ಆಕಿಗೇನು ಬಂತು" ಎಂದು ಬೈದೆ. ಬೈಸಿಕೊಂಡು ಸುಮ್ಮನೆ ಎದ್ದು ಹೋಗಿ ಮತ್ತೆ ಅದೇ ಬಾಗಿಲಿನ ಹತ್ತಿರ ನಿಂತರು.

ಪಂಪಾವತಿ ಹೊರಗೆ ಬಂದಾಗ ಇವರು ಮೆಲ್ಲಗೆ ಕೇಳಿದ್ದು ನನ್ನ ಕಿವಿಗೆ ಬಿತ್ತು. "ಡಾಕ್ಟರಿಗೆ ಹೇಳೀಯೇನು?"

"ಹೆಂಗ ಹೇಳಲಿ ಅಣ್ಣ. ನೀನೇ ಹೇಳಬ್ಯಾಡ ಅಂದಿದ್ದಿ. ಇನ್ನಾ ಒಂದೆರಡು ಹಕ್ಕಳೆ ಅದಾವ."

ಏನು ಹೇಳುವುದು, ಏನು ಹಕ್ಕಳೆ ಎಂದು ನಾನು ಕೇಳುವಷ್ಟರಲ್ಲಿ ನರ್ಸು ಪಂಪಾವತಿಯನ್ನು ಕರೆದರು, ಇವರು ಗೋಡೆಯ ಕಡೆ ಮುಖ ಮಾಡಿ ನಿಂತರು. ಅವತ್ತೂ ಹೇಳಲಿಲ್ಲ. ಈಗ ಅವರು ತಮ್ಮನ್ನು ತಾವು ಹೆಚ್ಚು ಬೈದುಕೊಳ್ಳುವುದು ಇದಕ್ಕೇ. ಹಾವು ಬರೆದದ್ದು ತಿಳಿಯದೆ ಆದ ತಪ್ಪು ಎಂದಾದರೂ ಅನ್ನಬಹುದು, ಆ ಬಾಗಿಲಲ್ಲಿ ಬಾಯಿ ಮುಚ್ಚಿಕೊಂಡು ನಿಂತದ್ದು ತಿಳಿದೇ ಮಾಡಿದ್ದು.

ಬೆಂಗಳೂರಿನಿಂದ ರಿಪೋರ್ಟ್ ಬಂತು. ಬೆನ್ನಿನ ನೀರಿನಲ್ಲಿ ವೈರಸ್ ಸಿಕ್ಕಿರಲಿಲ್ಲ. ಇತ್ತ ಕಿಡ್ನಿ ದಿನದಿಂದ ದಿನಕ್ಕೆ ಸೋಲುತ್ತಿತ್ತು. ಡಾಕ್ಟರ್ ಶೈಲಜಾ ನಮ್ಮನ್ನು ಹೊರಗೆ ಕರೆದು ಹೇಳಿದರು. "ವೈರಸ್ಸಿಗೆ ಕೊಡೋ ಡ್ರಿಪ್ ನಿಲ್ಲಿಸ್ಬೇಕು ಅಂತ ಕಿಡ್ನಿ ಡಾಕ್ಟ್ರು ಹೇಳ್ತಿದಾರೆ. ನನಗೆ ಮನಸ್ಸಿಲ್ಲ, ಆದ್ರೆ ಕೊಡ್ತೀನಿ ಅನ್ನೋಕೆ ನನ್ನ ಹತ್ರ ಒಂದು ಕಾರಣನೂ ಇಲ್ಲ. ಹಾಕಿಸಿದ ಕಿಡ್ನಿನೂ ಹೋದ್ರೆ ಆಮೇಲೆ ಏನೂ ಉಳಿಯಲ್ಲ."

ಪಂಪಾವತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಆಗ ಇವರು ಮುಂದೆ ಬಂದರು. ಜೇಬಿನಿಂದ ಮೊಬೈಲು ತೆಗೆದು, ಫೋಟೊ ಹುಡುಕಿ, ಡಾಕ್ಟರ ಮುಂದೆ ಹಿಡಿದರು. 

"ಹಾವು ನಾ ಬರದಿದ್ದು ಮೇಡಂ. ಗುಳ್ಳಿ ಆತಗ ಎದ್ದಿದ್ದು. ಬೆಲ್ಟಿನ ಗಾಯ ಅಲ್ರಿ ಅದು. ಯಾರಿಗೂ ಹೇಳಬ್ಯಾಡ ಅಂತ ನಾನೇ ಆಕಿಗೆ ಕಟ್ಟು ಹಾಕಿದ್ನಿ. ಆಕಿದೇನೂ ತಪ್ಪಿಲ್ಲ."

ಡಾಕ್ಟರು ಫೋಟೊವನ್ನು ಬೆರಳಿನಿಂದ ಹಿಗ್ಗಿಸಿ ನೋಡಿದರು. ಜಾಜಿನ ಹಾವಿನ ಮಗ್ಗುಲಲ್ಲೇ ಗುಳ್ಳೆಗಳ ಗೊಂಚಲು ಬೆನ್ನಿನಿಂದ ಹೊಟ್ಟೆಯ ಕಡೆಗೆ ಪಟ್ಟಿಯಾಗಿ ಬಂದು, ಹೊಟ್ಟೆಯ ನಟ್ಟನಡುವೆ ನಿಂತಿತ್ತು. ಫೋಟೊದ ತಾರೀಖನ್ನೂ ನೋಡಿದರು. ಆಮೇಲೆ ಮುಂಗುಸಿಯ ಮೇಲೆ ಬೆರಳಿಟ್ಟು ಕೇಳಿದರು. "ಇದು ಯಾಕೆ?"

"ತಡಿಯಾಕ್ರಿ."

ಡಾಕ್ಟರು ಬೈಯಲಿಲ್ಲ. ನಾನಾಗಿದ್ದರೆ ಅಲ್ಲೇ ಚಳಿ ಬಿಡಿಸುತ್ತಿದ್ದೆ. ಚಿಕ್ಕಂದಿನಲ್ಲಿ ಅಮ್ಮ ಆಗುತ್ತದಲ್ಲ, ಮೈತುಂಬ ನೀರುಗುಳ್ಳೆ, ಆ ವೈರಸ್ಸು ಗುಣವಾದ ಮೇಲೂ ನರದ ಬೇರಿನಲ್ಲಿ ಮಲಗಿಕೊಂಡಿರುತ್ತದಂತೆ. ಮೈಯ ಕಾವಲು ಸಡಿಲಾದಾಗ ಎದ್ದು ಸರ್ಪಸುತ್ತಾಗುತ್ತದೆ. ಗಟ್ಟಿ ಮೈಯವರಿಗೆ ಚರ್ಮದಲ್ಲೇ ಮುಗಿಯುತ್ತದೆ. ವಾಲ್ಮೀಕಿಯಂಥವರಿಗೆ ಮೆದುಳಿಗೂ ಹೋಗಿ ಅಲ್ಲಿನ ರಕ್ತನಾಳಗಳನ್ನು ಕೆಡಿಸಬಹುದು. ಹಾಗೆ ಹೋಗಿ ಕೆಲವು ದಿನವಾಗಿದ್ದರೆ ನೀರಿನಲ್ಲಿ ವೈರಸ್ ಸಿಗದೇ ಇರಬಹುದು, ಅದರ ವಿರುದ್ಧ ಮೈ ಹುಟ್ಟಿಸಿದ ಅಂಶ ಇದೆಯೇ ಎಂದು ಬೇರೆ ಪರೀಕ್ಷೆ ಮಾಡಿಸಬೇಕು. ಇದಿಷ್ಟನ್ನೂ ನಮಗೆ ತಿಳಿಯುವ ಹಾಗೆ ಹೇಳಿ, "ನೀವು ಹೇಳಿದ್ದು ಒಳ್ಳೇದಾಯ್ತು. ಡ್ರಿಪ್ ನಿಲ್ಲಿಸಲ್ಲ. ನೀರು ಜಾಸ್ತಿ ಕೊಟ್ಟು, ಅಳತೆ ನೋಡಿಕೊಂಡು ಮುಂದುವರಿಸ್ತೀನಿ" ಎಂದರು.

ಇವರು ಅಲ್ಲಿಂದ ಕದಲಲಿಲ್ಲ. "ಗುಳ್ಳಿ ಎದ್ದಾಗಲೇ ಕರ್ಕೊಂಡು ಬಂದಿದ್ರ ಮೇಡಂ?"

ಡಾಕ್ಟರು ಮೊಬೈಲನ್ನು ಅವರ ಕೈಗೆ ವಾಪಸು ಕೊಟ್ಟರು. "ಆಗ ಔಷಧಿ ಶುರು ಮಾಡಿದ್ರೆ ಬಹುಶಃ ಇಲ್ಲಿ ತನಕ ಬರ್ತಿರಲಿಲ್ಲ. ಖಂಡಿತ ಅಂತ ಯಾರೂ ಹೇಳೋಕಾಗಲ್ಲ" ಎಂದು ಒಳಗೆ ಹೋದರು.

ಆ ಬಹುಶಃ ಎಂಬ ಮಾತನ್ನು ಈ ಮನುಷ್ಯ ಇವತ್ತಿಗೂ ಜಗಿಯುತ್ತಿದ್ದಾರೆ. ಬೈದಿದ್ದರೆ ಅತ್ತು ಮುಗಿಸುತ್ತಿದ್ದರೇನೋ. ಅವತ್ತು ನಾನೂ ಬೈಯಲಿಲ್ಲ. ಬಾಯಿಗೆ ಬಂದದ್ದೆಲ್ಲ ಅವರ ಕೈ ನೋಡಿ ಒಳಗೇ ಹೋಯಿತು. ಜಾಜಿನ ಕೆಂಪು ಉಗುರಿನ ಸಂದಿನಲ್ಲಿ ಇನ್ನೂ ಇತ್ತು, ಅವರು ಅದನ್ನು ಇನ್ನೊಂದು ಉಗುರಿನಿಂದ ಕೆರೆದು ತೆಗೆಯುತ್ತಾ ಕೂತಿದ್ದರು.

ಎರಡನೆಯ ಪರೀಕ್ಷೆಯಲ್ಲಿ ಡಾಕ್ಟರ ಗುಮಾನಿ ನಿಜವಾಯಿತು. ಡ್ರಿಪ್ಪು ಬಹಳ ದಿನ ನಡೆಯಿತು. ಕಿಡ್ನಿ ಕುಂಟಿತು, ಆದರೆ ನಿಲ್ಲಲಿಲ್ಲ. ಜ್ವರ ಇಳಿಯಿತು, ಕಣ್ಣು ನಿಚ್ಚಳವಾಯಿತು. ಒಂದು ಮಧ್ಯಾಹ್ನ ಪಂಪಾವತಿಯನ್ನು ನೋಡಿ ವಾಲ್ಮೀಕಿಗೆ ಗುರುತು ಹತ್ತಿತು, ಕಣ್ಣಲ್ಲಿ ನೀರು ಬಂತು. ಆಕೆಯ ಹೆಸರು ಮಾತ್ರ ಬಾಯಿಗೆ ಬರಲಿಲ್ಲ. ಹೆಸರೊಂದೇ ಅಲ್ಲ, ಯಾವುದೂ ಬರಲಿಲ್ಲ. ಮಾತು ಹುಡುಕುವ ಜಾಗದಲ್ಲೇ ಪೆಟ್ಟು ಬಿದ್ದಿದೆ, ಸ್ವಲ್ಪ ಸ್ವಲ್ಪ ವಾಪಸು ಬರುತ್ತದೆ, ಮೊದಲಿನಷ್ಟು ಬರುವುದು ಅನುಮಾನ ಎಂದರು ಡಾಕ್ಟರು. ಈಗ ನೀರು ಬೇಕಾದರೆ ಆತ ಚೊಂಬು ತೋರಿಸುತ್ತಾನೆ. ಒಂದು ಮಾತು ಹಿಡಿಯಲು ಹಣೆ ಬೆವರುತ್ತದೆ. ಸಿರುಗುಪ್ಪದಲ್ಲಿ ಈಗ ಬೇರೆ ಯಾರದೋ ಗಾಡಿ ಮೊದಲೇ ತುಂಬಿಸಿಟ್ಟ ದನಿಯನ್ನು ಹಾಕಿಕೊಂಡು ತಿರುಗುತ್ತದೆ, ಅದು ಯಾರನ್ನೂ ಹೆಸರು ಹಿಡಿದು ಕೆಣಕುವುದಿಲ್ಲ. ವಾಲ್ಮೀಕಿಯ ಆಟೊ ಮನೆಯ ಮುಂದೆ ಗೋಣಿತಾಟು ಹೊದ್ದು ನಿಂತಿದೆ.

ಬದುಕಿ ಮನೆಗೆ ಬಂದದ್ದೇ ಜನಕ್ಕೆ ದೊಡ್ಡ ಸುದ್ದಿ. ಆ ಸುದ್ದಿಗೆ ಬಾಲ ಕಟ್ಟಿದವಳು ಪಂಪಾವತಿ. ನಮ್ಮಣ್ಣನ ಮುಂಗುಸಿ ಹೆಡೆಯನ್ನು ತಡೆದು ನಿಲ್ಲಿಸಿತು, ಇಲ್ಲದಿದ್ದರೆ ನನ್ನ ಗಂಡ ಉಳಿಯುತ್ತಿರಲಿಲ್ಲ ಎಂದು ನೋಡಲು ಬಂದವರಿಗೆಲ್ಲ ಹೇಳತೊಡಗಿದಳು. ವಾಲ್ಮೀಕಿಯೂ ನಂಬಿಬಿಟ್ಟ. ನಮ್ಮವರು ಹೋದರೆ ಅವರ ಕೈಯನ್ನು ಎರಡೂ ಕೈಯಲ್ಲಿ ಹಿಡಿದು ತನ್ನ ಸೊಂಟಕ್ಕೆ ಮುಟ್ಟಿಸಿಕೊಂಡು, ಬಹಳ ಹೊತ್ತು ಒದ್ದಾಡಿ, "ಬಾವ" ಎಂದು ಒಂದು ಮಾತು ಹೊರಡಿಸುತ್ತಾನೆ. ಅಲ್ಲಿಂದ ಬಂದ ದಿನ ಇವರಿಗೆ ಊಟ ಸೇರುವುದಿಲ್ಲ.

ಒಂದು ದಿನ ಇವರು ಗಟ್ಟಿ ಮನಸ್ಸು ಮಾಡಿ ಹೊರಟರು, ನಾನೂ ಜೊತೆಗೆ ಹೋದೆ. ವಾಲ್ಮೀಕಿ ಒಳಗೆ ಮಲಗಿದ್ದ. ಅಡುಗೆಮನೆಯಲ್ಲಿ ಪಂಪಾವತಿ ಅಕ್ಕಿ ಆರಿಸುತ್ತಿದ್ದಳು. ಇವರು ಆಕೆಯ ಎದುರಿಗೆ ನೆಲದ ಮೇಲೆ ಕೂತರು.

"ಪಂಪಾ, ಇನ್ನ ಸಾಕು ಮಾಡು. ನನ್ನ ಹಾವಿನಿಂದ ಆತ ಉಳೀಲಿಲ್ಲ, ನನ್ನ ಹಾವಿನಿಂದನೇ ಕೆಟ್ಟ. ಎಲ್ಲಾರ ಮುಂದ ಹೇಳಿಬಿಡ್ತೀನಿ. ಆತಗೂ ಹೇಳ್ತೀನಿ."

ಪಂಪಾವತಿ ಮೊರದಿಂದ ಕಣ್ಣೆತ್ತಲಿಲ್ಲ. "ನನಗ ಗೊತ್ತೈತಣ್ಣ" ಎಂದಳು.

"ಗೊತ್ತಿದ್ದು ಮತ್ಯಾಕ ಹೇಳ್ತಿ?"

"ಡಾಕ್ಟರಮ್ಮ ಎರಡು ಸಲ ಕೇಳಿದ್ರು. ಎರಡು ಸಲನೂ ಬೆಲ್ಟಿನ ಗಾಯ ಅಂದಾಕಿ ನಾನು. ಬೆಂಗಳೂರಿನೋರು ಹೇಳಿದ್ದು ನನಗ ನೆನಪಿತ್ತು. ಕಿಡ್ನಿ ಕೊಟ್ಟಾಕಿ ನಾನು, ನನ್ನ ಗಂಡನ ಮಾತು ಕಳದಾಕಿನೂ ನಾನು. ನಿನ್ನ ಹಾವು ಸುಳ್ಳು ಅಂತ ಆದ್ರ, ನಾ ಬಾಯಿ ಮುಚಗೊಂಡು ಕುಂತಿದ್ದು ಯಾತಕ್ಕ ಆತು? ಮುಂಗುಸಿ ಕಾದ್ತು ಅಂದ್ರ ಅಷ್ಟ ನಾನು ದಿನಾ ಅವರ ಮುಖ ನೋಡಾಕಾಗತೈತಿ. ಅದೊಂದನ್ನ ನನ್ನ ಕೈಯಿಂದ ಕಸಗೋಬ್ಯಾಡಣ್ಣ."

 ಒಳಗಿನಿಂದ ವಾಲ್ಮೀಕಿ ಚೊಂಬು ಬಡಿದ ಸದ್ದು ಕೇಳಿತು. ಪಂಪಾವತಿ ಕಣ್ಣು ಒರೆಸಿಕೊಂಡು ನೀರು ತೆಗೆದುಕೊಂಡು ಎದ್ದು ಹೋದಳು. ನನಗೆ ಆಕೆಯ ಮೇಲೆ ಸಿಟ್ಟು ಬರಬೇಕಿತ್ತು, ಬರಲಿಲ್ಲ, ಮೊರ ಎಳೆದುಕೊಂಡು ಉಳಿದ ಅಕ್ಕಿ ಆರಿಸತೊಡಗಿದೆ. ತಪ್ಪು ಒಪ್ಪಿಕೊಂಡು ಹಗುರಾಗಲು ಹೋದ ಗಂಡ ಇನ್ನಷ್ಟು ಹೊತ್ತುಕೊಂಡು ಮನೆಗೆ ಬಂದರು.

ಆಮೇಲಿಂದ ಯಾರು ಬಂದರೂ ಇವರದು ಒಂದೇ ಮಾತು, ನಾನು ಬರೆಯುವುದು ಬಿಟ್ಟಿದ್ದೇನೆ, ಆಸ್ಪತ್ರೆಗೆ ಹೋಗಿ. ಜನ ಆಸ್ಪತ್ರೆಗೆ ಹೋಗಲಿಲ್ಲ, ಹಾವು ಬರೆಯುವ ಇನ್ನೊಬ್ಬರನ್ನು ಹುಡುಕಿಕೊಂಡು ಹೋದರು. ಅದು ತಿಳಿದ ದಿನ ಇವರು ಅಂಗಡಿಯಲ್ಲಿ ಒಣಗಿದ ಕುಂಚಗಳನ್ನು ಸೀಮೆಎಣ್ಣೆಯಲ್ಲಿ ನೆನೆಹಾಕಿ ಸುಮ್ಮನೆ ನೋಡುತ್ತಾ ಕೂತಿದ್ದರು.

ಮೊನ್ನೆ ನನಗೆ ರಜೆ ಇದ್ದ ದಿನ ಕೆಂಚನಗುಡ್ಡದಿಂದ ಗಂಡ ಹೆಂಡತಿ ಬಂದರು. ಹೆಂಡತಿಯ ಹೆಸರು ದುರ್ಗಾದೇವಿ. ತಲೆಗೆ ಬಟ್ಟೆ ಕಟ್ಟಿಕೊಂಡಿದ್ದಳು, ಕ್ಯಾನ್ಸರಿನ ಔಷಧಿಗೆ ಕೂದಲು ಉದುರಿತ್ತು. ಎದೆಯ ಕೆಳಗೆ ಹಿಂದಿನ ದಿನವಷ್ಟೇ ಗುಳ್ಳೆ ಎದ್ದಿದ್ದವು. ನಾನು ಇವರ ಮುಖ ನೋಡಿದೆ, ಬಣ್ಣ ಇಳಿದುಹೋಗಿತ್ತು.

ಗಂಡ ಕೈಮುಗಿದು ಕೇಳಿದ. "ನಿಮ್ಮ ತಂಗಿ ಗಂಡನ್ನ ಸಾವಿನ ಬಾಯಿಂದ ತಂದೋರು ನೀವೇ ಅಂತಲ್ರಿ. ಹೌದೇನ್ರಿ?"

"ಹೌದು" ಎಂದರು ನನ್ನ ಗಂಡ.

ನನ್ನ ಕೈಯಲ್ಲಿದ್ದ ನೀರಿನ ಲೋಟ ಹಾಗೇ ನಿಂತಿತು. ಅವರು ಎದ್ದು ಜಾಜಿನ ಉಂಡೆ, ಕುಂಚ ಚೀಲಕ್ಕೆ ಹಾಕಿಕೊಂಡು ಅಂಗಡಿಯ ಬಾಗಿಲು ಎಳೆದರು. "ನಡೀರಿ ಬಳ್ಳಾರಿಗೆ. ಮೊದಲು ಡಾಕ್ಟರು ಕೊಟ್ಟ ಔಷಧಿ ಮೈಯಾಗ ಹೋಗಬೇಕು, ಆಮ್ಯಾಲೆ ಹಾವು. ಅದಿಲ್ಲಂದ್ರ ನನ್ನ ಮುಂಗುಸಿ ನಿಲ್ಲಂಗಿಲ್ಲ. ನಮ್ಮಪ್ಪ ಹಾಕಿದ ಕಟ್ಟು ಇದು" ಎಂದರು. ಮಾವನವರು ಅಂಥ ಕಟ್ಟು ಹಾಕಿದ್ದನ್ನು ನಾನಂತೂ ಕೇಳಿಲ್ಲ. ಬಾಯಿ ಮುಚ್ಚಿಕೊಂಡು ನಾನೂ ಅವರ ಹಿಂದೆ ಬಸ್ಸು ಹತ್ತಿದೆ.

ಡಾಕ್ಟರ್ ಶೈಲಜಾ ನೋಡಿದ ಕೂಡಲೇ ದುರ್ಗಾದೇವಿಯನ್ನು ಸೇರಿಸಿಕೊಂಡು ಡ್ರಿಪ್ಪು ಹಾಕಿಸಿದರು. ಬೇಗ ಕರೆತಂದಿದ್ದೀರಿ ಎಂದರು. ಇವರು ಗುಳ್ಳೆಗೆ ತಾಗದಂತೆ ದೂರದಲ್ಲಿ, ಬೆನ್ನಿನ ಮೇಲೆ, ಹೆಬ್ಬೆರಳಿನಷ್ಟು ಹಾವು, ಅದರ ಮುಂದೆ ಒಂದು ಮುಂಗುಸಿ ಬರೆದರು. ಡಾಕ್ಟರು ಕಿಟಕಿಯ ಕಡೆ ನೋಡುತ್ತಾ ನಿಂತಿದ್ದರು. ಇವರು ಫೋಟೊ ಹೊಡೆಯಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ಇವರು ಕಿಟಕಿಯ ಪಕ್ಕ ಕೂತರು. ಆಮೇಲೆ "ಸುಳ್ಳು ಹೇಳಿಬಿಟ್ನಿ ಸತ್ಯಮ್ಮ" ಎಂದರು.

"ಅಪ್ಪನ ಕಟ್ಟು ಅಂದಿರಲ್ಲ, ಅದೇನು? ಒಳ್ಳೇದಕ್ಕ ಹೇಳೀರಿ ಬಿಡ್ರಿ" ಎಂದೆ.

"ಅದಲ್ಲ. ಆತನ್ನ ಉಳಿಸಿದೋರು ನೀವೇನು ಅಂದ್ರಲ್ಲ. ಹೌದು ಅಂದ್ನೆಲ್ಲ, ಅದು."

ನಾನು ಅವರ ಕೈ ಹಿಡಿದುಕೊಂಡೆ. ಅವರು ಬಿಡಿಸಿಕೊಂಡು, ಉಗುರಿನ ಸಂದಿನ ಕೆಂಪನ್ನು ಕೆರೆಯುತ್ತಾ ಹೇಳಿದರು. "ಪಂಪಾ ಇರೋ ತನಕ ಬಂದೋರಿಗೆಲ್ಲ ಹೌದು ಅಂತನೇ ಅನಬೇಕು ನಾನು."